ಎಂಬತ್ತು ರೂಪಾಯಿಯ ಸ್ಪ್ರಿಂಗು

ಕೌಲ್ ಬಜಾರಿನಲ್ಲಿ ಕೆಳಗೆ ಗುಂಡಿಯಂಗಡಿ:
ಜೀನ್ಸಿಗೆ ಹಾಕುವ ಹಿತ್ತಾಳೆ ಗುಂಡಿ, ಜಿಪ್ಪು, ರಿವೆಟ್ಟು,
ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ.
ಮೇಲೆ ನನ್ನದು. ಇಲ್ಲೂ ಗುಂಡಿಗಳದೇ ವ್ಯಾಪಾರ.
ನಾಲ್ಕು ಟೀವಿ, ಎಂಟು ಕಂಟ್ರೋಲರು,
ಗಂಟೆಗೆ ನಲವತ್ತು. ಚಪ್ಪಲಿ ಹೊರಗೆ.

ರಾತ್ರಿ ಶಟರ್ ಎಳೆದು
ಒಂದೊಂದನ್ನೇ ಬಿಚ್ಚುತ್ತೇನೆ.
ಸ್ಕ್ರೂಗಳೆಲ್ಲ ಸ್ಟೀಲು ತಟ್ಟೆಗೆ.
ಒಳಗೆ ಮಂಡಕ್ಕಿ ಚೂರು, ಬೆವರಿನ ಉಪ್ಪು,
ನೀಲಿ ನೂಲಿನ ಧೂಳು.
ಯಾರು ಆಡಿದ್ದೆಂದು ಬಿಚ್ಚಿದ ಕೂಡಲೇ ಹೇಳಬಲ್ಲೆ.

ಎಡಗಡೆ ಕಡ್ಡಿಯ ರಬ್ಬರು ಬೋಳಾಗಿದ್ದರೆ ಶೇಕ್ಷಾವಲಿ,
ಓಡುವುದು ಬಿಟ್ಟು ಬೇರೆ ಗೊತ್ತಿಲ್ಲ ಅವನಿಗೆ.
ಚೌಕದ ಗುಂಡಿ ಒಳಗೇ ಸಿಕ್ಕಿಕೊಂಡಿದ್ದರೆ
ಗಾದಿಲಿಂಗನ ತಂಗಿ,
ಪ್ಯಾಂಟಿಗೆ ಬೆಲ್ಟಿನ ಪಟ್ಟಿ ಹೊಲಿಯುವವಳು.
ಮಷೀನಿನ ಸೂಜಿ ಒಮ್ಮೆ ಅವಳ ಉಗುರು ದಾಟಿ ಹೋಗಿದೆ,
ಅದೇ ಬೆರಳಿನಿಂದ ಒತ್ತುತ್ತಾಳೆ.
ಬಲಗಡೆ ಟ್ರಿಗರಿನ ಸ್ಪ್ರಿಂಗು ಎರಡು ತುಂಡಾಗಿದ್ದರೆ
ಕೇಳುವುದೇ ಬೇಡ, ಹುಲುಗಪ್ಪ.

ಮೊದಮೊದಲು ಬೈದೆ.
ಗೋಡೆಗೆ ಬೋರ್ಡು ಬರೆಸಿದೆ:
'ಮೆಲ್ಲಗೆ ಒತ್ತಿ. ಸ್ಪ್ರಿಂಗು ಮುರಿದರೆ ಎಂಬತ್ತು.'
ಎದುರಿಗೆ ಕೂರಿಸಿಕೊಂಡು ಪಾಠವನ್ನೂ ಮಾಡಿದೆ:
ನೋಡ್ರಪಾ, ಈ ಗುಂಡಿಗೆ ಗೊತ್ತಿರೋದು ಎರಡೇ ಮಾತು,
ಒತ್ತಿದೆ, ಒತ್ತಿಲ್ಲ.
ಎಷ್ಟು ಒತ್ತಿದೆ ಅಂತ ಅದು ಕೇಳಂಗಿಲ್ಲ.
ನೀವು ಹಲ್ಲು ಕಚ್ಚಿ ಒತ್ತಿದ್ರೂ
ಒಳಗಿನವನು ಜಿಗಿಯೋದು ಅಷ್ಟೇ ಎತ್ತರ.
ಹೂಂ ಅಂದರು. ಅಷ್ಟರಲ್ಲಿ ಕಾರು ತಿರುವಿಗೆ ಬಂತು,
ಮೂವರೂ ಸೋಫಾದ ಮೇಲೆ ಎಡಕ್ಕೆ ವಾಲಿದರು,
ಸೋಫಾ ತಿರುಗಿದರೆ ಕಾರೂ ತಿರುಗೀತು ಎಂಬಂತೆ.

ನಕ್ಕೆ. ಮರುದಿನ
ಕರೆಂಟಿನ ಆಫೀಸಿಗೆ ಫೋನು ಮಾಡಿದರೆ
'ಕನ್ನಡಕ್ಕಾಗಿ ಒಂದನ್ನು ಒತ್ತಿ' ಎಂದಳು ಒಬ್ಬಾಕೆ.
ಒತ್ತಿದೆ. ಒಂದನ್ನು ಒತ್ತಿ ಎಂದಳು ಮತ್ತೆ.
ಮೂರನೇ ಸಲ ನನ್ನ ಹೆಬ್ಬೆರಳು ಬಿಳುಚಿತ್ತು,
ಗಾಜಿನ ಆಚೆ ಅವಳ ಕಿವಿ ಹಿಂಡುವ ಹಾಗೆ.
ಸೆಲ್ಲು ಸತ್ತ ರಿಮೋಟನ್ನು
ಇನ್ನೂ ಗಟ್ಟಿಯಾಗಿ ಒತ್ತದ ಮನೆ ಈ ಬಳ್ಳಾರಿಯಲ್ಲಿ ಎಲ್ಲಿದೆ?
ಕಿವುಡರ ಮುಂದೆ ನಮ್ಮ ದನಿ ಏರುತ್ತದಲ್ಲ,
ಬೆರಳಿಗೂ ಅಂಥದೊಂದು ದನಿ ಇರಬೇಕು.

ಆದರೂ ಹುಲುಗಪ್ಪನದು ಬೇರೆ.
ಸೋಲುವಾಗ ಮುರಿಯುವವರನ್ನು ನೋಡಿದ್ದೇನೆ,
ಇವನು ಗೆಲ್ಲುತ್ತಿರುವಾಗಲೇ ಮುರಿಯುತ್ತಾನೆ,
ಟ್ರಿಗರು ತಳ ಮುಟ್ಟಿದ ಮೇಲೂ
ಅದರ ಕೆಳಗೆ ಇನ್ನೇನೋ ಇದೆಯೆಂದು ಒತ್ತುತ್ತಾನೆ.
ಮಾತು ಕಡಿಮೆ. ಶುಕ್ರವಾರ ಪಾಳಿ ಮುಗಿಸಿ
ತೋರಣಗಲ್ಲಿನ ಬಸ್ಸಿಳಿದು ಸೀದಾ ಮೆಟ್ಟಿಲು ಹತ್ತುತ್ತಾನೆ,
ಹುಬ್ಬಿನಲ್ಲಿ ಇನ್ನೂ ಅದಿರಿನ ಕೆಂಪು.

ಐದನೇ ಸ್ಪ್ರಿಂಗು ಹೋದ ದಿನ
ನಾನು ಕೇಳುವ ಮೊದಲೇ ನೂರರ ನೋಟು ಮೇಜಿಗಿಟ್ಟ.
ಎಂಥಾ ಸಿಟ್ಟೋ ನಿಂದು, ಅಂದೆ.
ಸಿಟ್ಟಲ್ಲಕ್ಕ, ಅಂದ.
'ಮ್ಯಾಲೆ ಕ್ರೇನಿನ್ಯಾಗ ಕೂತಿರ್ತೀನಿ.
ಕೆಳಗ ಬಾನಿ ತುಂಬ ಕುದಿಯೋ ಕಬ್ಬಿಣ.
ಲಿವರು ಇಷ್ಟೇ...'
ಹೆಬ್ಬೆರಳು ತೋರುಬೆರಳ ನಡುವೆ
ಒಂದು ಜೋಳದ ಕಾಳು ಹಿಡಿಯುವಷ್ಟು ಸಂದು,
'ಇಷ್ಟೇ ಸರಿಸ್ಬೇಕು. ಎಂಟು ತಾಸು.
ಕೈಗೆ ಕೆಮ್ಮು ಬಂದ್ರೂ ಕೆಮ್ಮಂಗಿಲ್ಲ.
ಇಲ್ಲಿ ಮುರಿದ್ರ ಎಂಬತ್ತು ರೂಪಾಯಿ.
ಅಲ್ಲಿ...'
ಚಿಲ್ಲರೆ ಇಪ್ಪತ್ತು ಎಣಿಸಿಕೊಂಡು ಇಳಿದುಹೋದ.

ಬೋರ್ಡು ತೆಗೆದಿಲ್ಲ ನಾನು, ಬಾಕಿಯವರಿಗೆ ಬೇಕು.
ಮೂರನೇ ನಂಬರಿನ ಕಂಟ್ರೋಲರೊಂದನ್ನು,
ಮೈತುಂಬ ಕಪ್ಪು ಟೇಪು ಸುತ್ತಿದ್ದು,
ಶುಕ್ರವಾರಕ್ಕೆಂದು ಎತ್ತಿಡುತ್ತೇನೆ.
ಸ್ಪ್ರಿಂಗು ಎಲ್ಲೂ ಸಿಗದೆ
ಐದು ರೂಪಾಯಿಯ ಪೆನ್ನು ಬಿಚ್ಚಿ
ಅದರದನ್ನೇ ಕತ್ತರಿಸಿ ಕೂರಿಸಿದೆ.
ಸ್ವಲ್ಪ ಬಿಗಿ. ಒತ್ತಿದರೆ ಅದೂ ಒತ್ತುತ್ತದೆ.

ಮೂರು ವಾರವಾಯಿತು, ಮುರಿದಿಲ್ಲ.
ಹುಲುಗಪ್ಪ ಆಟ ಮುಗಿಸಿ
ಎಂಬತ್ತು ರೂಪಾಯಿ ಜೇಬಿನಿಂದ ತೆಗೆಯುತ್ತಾನೆ,
ಒಂದು ಗಳಿಗೆ ನೋಡುತ್ತಾನೆ,
ಮತ್ತೆ ಮಡಚಿ ಒಳಗಿಡುತ್ತಾನೆ.